ಕರೆಯದೆ ಬರಬೇಕಾದವರು

ಗೆಳತಿ ಜಿಂತ್ರಾ ಊರಿಗೆ ಹೊರಟುಹೋದ ಮೇಲೆ ತರಗತಿಯಲ್ಲಿ ನಾನು ಬೆಸವಾದೆ.

ಜನ ಇರಲಿಲ್ಲವೆಂದಲ್ಲ. ಬುಧವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ ನಾವು ಒಂಬತ್ತು ಮಂದಿ ಸೇರುತ್ತಿದ್ದೆವು. ಆದರೆ ಗಿಲಿಯನ್ ಟೀಚರ್ ಆಡಿಸುವ ಆಟಗಳಲ್ಲಿ ಹೆಚ್ಚಿನವು ಇಬ್ಬಿಬ್ಬರು ಆಡುವಂಥವು. "ಜೋಡಿ ಮಾಡ್ಕೊಳ್ಳಿ" ಎಂದು ಅವರು ಚಪ್ಪಾಳೆ ತಟ್ಟಿದೊಡನೆ ಸ್ಟೂಲುಗಳನ್ನು ಎಳೆದಾಡುವ ಸದ್ದಾಗಿ, ನಾಲ್ಕು ಜೋಡಿಗಳು ಕೂಡಿ, ಕಿಟಕಿಯ ಪಕ್ಕದಲ್ಲಿ ನಾನೊಬ್ಬಳು ಉಳಿಯುತ್ತಿದ್ದೆ. ಜಿಂತ್ರಾ ಇದ್ದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ಅದು ಮಕ್ಕಳ ಪುಸ್ತಕಗಳ ಕೋಣೆ. ನೆಲಹಾಸಿನ ಮೇಲೆ ಹಸಿರು ಡೈನೋಸಾರ್‌ಗಳು, ಮೊಣಕಾಲೆತ್ತರದ ಸ್ಟೂಲುಗಳು. ಗಿಲಿಯನ್ ಟೀಚರ್ ನಿವೃತ್ತರಾಗುವ ತನಕ ಪುಟ್ಟ ಮಕ್ಕಳಿಗೆ ಪಾಠ ಹೇಳಿದವರು. ಹಾಗಾಗಿ ತರಕಾರಿ ಕಟ್ಟುವ ಶೆಡ್ಡಿನಿಂದ ಬೂಟು ಕಳಚಿ ಬಂದ ನಮ್ಮಂಥವರಿಗೂ ಅವರು ಮಕ್ಕಳಿಗೆ ಕಲಿಸಿದಂತೆಯೇ ಕಲಿಸುತ್ತಿದ್ದರು. ಚಿತ್ರದ ಚೀಟಿ, ಬಿಂಗೊ, ಗೆದ್ದವರಿಗೆ ಒಂದು ಬಿಸ್ಕತ್ತು.

ನಾವು ಕಲಿಯುತ್ತಿದ್ದುದು ಕಂಪ್ಯೂಟರಿನ ಮಾತುಗಳನ್ನು. ಕಂಪ್ಯೂಟರ್ ನಮಗೆ ಹೊಸದಲ್ಲ; ಎಲ್ಲರ ಜೇಬಿನಲ್ಲೂ ಫೋನಿತ್ತು. ಇಲ್ಲದಿದ್ದುದು ಇಂಗ್ಲಿಷ್ ಪದಗಳು. ಶೆಡ್ಡಿನಲ್ಲಿ ಯಾರಿಗೆ ಯಾವ ಪಾಳಿ, ಯಾರಿಗೆ ರಜೆ ಎಂಬುದನ್ನು ಮೊದಲು ಗೋಡೆಗೆ ಅಂಟಿಸುತ್ತಿದ್ದರು. ಈಗ ಎಲ್ಲವೂ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ರೊಮೇನಿಯಾದ ಲುಮಿನಿತ್ಸಾ ತಿಳಿಯದೆ ಯಾವುದೋ ಗುಂಡಿ ಒತ್ತಿ ಒಂದು ಇಡೀ ವಾರದ ಪಾಳಿಗಳನ್ನೆಲ್ಲ ತಿರಸ್ಕರಿಸಿಬಿಟ್ಟಿದ್ದಳು. ಆಮೇಲೆ ಲೈಬ್ರರಿಗೆ ಬಂದು ಅತ್ತು ಈ ತರಗತಿಯನ್ನು ಶುರುಮಾಡಿಸಿದವಳು ಅವಳೇ.

ನಾನು ಲಾಟ್ವಿಯಾದ ರೀಗಾದಲ್ಲಿ ರಸಾಯನಶಾಸ್ತ್ರ ಓದಿದವಳು. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬೀಟ್ ರಸವನ್ನು ಅಳೆಯುವ ಕೆಲಸದಲ್ಲಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಇಂಗ್ಲಿಷರ ಈ ನಾಡಿಗೆ ಬಂದು ಕೋಸು, ಲೀಕ್ ಸೊಪ್ಪು ಕಟ್ಟಲು ಸೇರಿದೆ. ದುಃಖದ ಕಥೆಯೇನೂ ಅಲ್ಲ. ಕೋಸನ್ನೂ ಸರಿಯಾಗಿ ಕಟ್ಟಬಹುದು, ತಪ್ಪಾಗಿ ಕಟ್ಟಬಹುದು. ಸರಿಯಾಗಿ ಕಟ್ಟಿದಾಗ ಮನಸ್ಸಿಗೆ ಸಮಾಧಾನವಾಗುತ್ತದೆ.

ಒಬ್ಬಳೇ ಉಳಿದಾಗ ಟೀಚರೇ ನನ್ನ ಜೋಡಿಯಾಗುತ್ತಿದ್ದರು. ಅವರಿಗೆ ತುಂಬ ಪ್ರಿಯವಾದ ಆಟವೆಂದರೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು. ಒಬ್ಬರ ಕೈಯಲ್ಲಿ ಕಂಪ್ಯೂಟರ್ ಪರದೆಯ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಹೇಳಬೇಕು: ಎಡಗಡೆ ಮೇಲೆ ಎರಡು ಫೋಲ್ಡರು, ಅದರ ಕೆಳಗೆ ಕಸದ ಡಬ್ಬಿ, ನಡುವೆ ತೆರೆದಿರುವ ಕಿಟಕಿ. ಇನ್ನೊಬ್ಬರು ಹಿಂತಿರುಗಿ ನೋಡದೆ, ಕೇಳಿದಷ್ಟನ್ನೇ ನಂಬಿ ಬರೆಯಬೇಕು. ಕೊನೆಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕೋಣೆಯ ತುಂಬ ನಗು. ಮದೇಯ್ರಾ ದ್ವೀಪದ ಅಡೆಲಿನು ಬರೆದ ಮೌಸಿಗೆ ಒಮ್ಮೆ ಮೀಸೆ ಇತ್ತು.

"ಇದೇನಪ್ಪಾ ಮೀಸೆ?"

"ಲುಮಿನಿತ್ಸಾ ಮೌಸ್ ಅಂದ್ಳು ಟೀಚರ್, ಕಂಪ್ಯೂಟರಿಂದು ಅಂತ ಹೇಳ್ಲಿಲ್ಲ."

"ಇಡೀ ಪಾಠನೇ ಕಂಪ್ಯೂಟರಿಂದಲ್ವೇನೋ" ಎಂದು ಲುಮಿನಿತ್ಸಾ ಅವನ ಬೆನ್ನಿಗೆ ಹಾಳೆಯಿಂದ ಹೊಡೆದಳು.

ಆ ಸ್ಟೂಲುಗಳಿಗೆ ಒರಗುಹಲಗೆ ಇರಲಿಲ್ಲ. ಆದ್ದರಿಂದ ಟೀಚರ ಬೆನ್ನು ನನ್ನ ಬೆನ್ನಿಗೆ ತಾಗಿರುತ್ತಿತ್ತು. ಸಣಕಲು ಬೆನ್ನು. ಅವರು ಉಸಿರೆಳೆದುಕೊಂಡಾಗ ಅದು ಸ್ವಲ್ಪ ಹಿಂದಕ್ಕೆ ಬರುತ್ತಿತ್ತು, ಮಾತಾಡುವಾಗ ಒಳಗಿನಿಂದ ಸಣ್ಣಗೆ ಅದುರುತ್ತಿತ್ತು. ನಾನು ಚಿತ್ರ ಬರೆಯುತ್ತ ಆ ಅದುರುವಿಕೆಯನ್ನು ಕೇಳಿಸಿಕೊಳ್ಳುತ್ತಿದ್ದೆ. ಜಿಂತ್ರಾ ಹೋದ ಮೇಲೆ ಇನ್ನೊಂದು ಜೀವದ ಬಿಸಿ ನನಗೆ ತಾಗುತ್ತಿದ್ದುದು ವಾರದಲ್ಲಿ ಅದೊಂದು ಸಲ. ಚಿತ್ರ ಬೇಗ ಮುಗಿದರೂ ಮುಗಿಯಿತೆಂದು ನಾನು ಹೇಳುತ್ತಿರಲಿಲ್ಲ.

ನವೆಂಬರಿನಲ್ಲಿ ಒಂದು ಬುಧವಾರ ಟೀಚರ್ ಬಂದವರೇ ನನ್ನ ಚೀಲ ನೋಡಿದರು.

"ಸರ್ಮಾ, ನಿಮ್ಮ ಹತ್ರ ಯಾವಾಗ್ಲೂ ಉಣ್ಣೆ ಉಂಡೆ ಇರತ್ತಲ್ಲ, ಒಂದು ಕೊಡ್ತೀರಾ? ಹಾಳು ಮಾಡಲ್ಲ, ಎಸೆದಾಡ್ತೀವಿ ಅಷ್ಟೆ."

ಬೂದುಬಣ್ಣದ ಉಂಡೆಯನ್ನು ಕೊಟ್ಟೆ. ಜಿಂತ್ರಾಳಿಗೆಂದು ಕೈಗವಸು ಹೆಣೆಯುತ್ತಿದ್ದ ಉಣ್ಣೆ ಅದು. ಒಂದು ಕೈಯದು ಮುಗಿಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಆ ದಿನದ ಪದಗಳು ಮೂರು: ಆಹ್ವಾನ ಕಳಿಸುವುದಕ್ಕೆ ಒಂದು, ಒಪ್ಪಿಕೊಳ್ಳುವುದಕ್ಕೆ ಒಂದು, ನಿರಾಕರಿಸುವುದಕ್ಕೆ ಒಂದು. ವರ್ತುಲವಾಗಿ ನಿಲ್ಲಬೇಕು. ಉಂಡೆ ಹಿಡಿದವರು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಯಾರನ್ನಾದರೂ ಯಾವುದಕ್ಕಾದರೂ ಕರೆದು, ದಿನ ಹೇಳಿ, ಉಂಡೆಯನ್ನು ಅವರತ್ತ ಎಸೆಯಬೇಕು. ಹಿಡಿದವರು ಅಕ್ಸೆಪ್ಟ್ ಅಥವಾ ಡಿಕ್ಲೈನ್ ಎಂದು ಕಾರಣ ಹೇಳಿ, ತಾವು ಇನ್ನೊಬ್ಬರನ್ನು ಕರೆಯಬೇಕು. ಹೀಗೆ ದಾರ ಅಡ್ಡಾದಿಡ್ಡಿ ಹರಡಿ ಬಲೆಯಾಗುತ್ತದೆ. "ಇದೇ ನೆಟ್‌ವರ್ಕ್" ಎಂದು ಕೊನೆಯಲ್ಲಿ ತೋರಿಸುವುದು ಟೀಚರ ಯೋಚನೆ.

ಅಡೆಲಿನು ಲುಮಿನಿತ್ಸಾಳತ್ತ ಎಸೆದ. "ಭಾನುವಾರ ನಮ್ಮನೇಲಿ ಮೀನು ಸುಡ್ತೀನಿ. ಬಾ."

"ಡಿಕ್ಲೈನ್."

"ಕಾರಣ ಬೇಕು! ಟೀಚರ್, ಕಾರಣ ಹೇಳ್ಬೇಕು ಅಲ್ವಾ?"

"ಹೋದ ಸಲ ನೀನು ಮೀನು ಸುಡ್ಲಿಲ್ಲ, ಅಡುಗೆಮನೆ ಸುಟ್ಟೆ. ಅದೇ ಕಾರಣ."

ಎಲ್ಲರೂ ನಗುತ್ತಿದ್ದಾಗಲೇ ಲುಮಿನಿತ್ಸಾ ನನ್ನತ್ತ ತಿರುಗಿದಳು. "ಸರ್ಮಾ ಆಂಟಿ, ಶನಿವಾರ ನನ್ ಮಗನ ಮ್ಯಾಚಿದೆ. ಬಂದು ಕೂಗಾಡ್ಬೇಕು ನೀವು."

"ಅಕ್ಸೆಪ್ಟ್" ಎಂದೆ. ಅದು ಆಟದ ಮಾತೆಂದು ಗೊತ್ತಿತ್ತು. ಶನಿವಾರ ಹೋಗಲೂ ಇಲ್ಲ, ಅವಳು ನೆನಪಿಸಲೂ ಇಲ್ಲ.

ಈಗ ಉಂಡೆ ನನ್ನ ಕೈಯಲ್ಲಿತ್ತು. ಯಾರನ್ನಾದರೂ ಯಾವುದಕ್ಕಾದರೂ ಕರೆದರೆ ಮುಗಿಯಿತು. ಆದರೆ ನನ್ನ ತಲೆಯಲ್ಲಿ ಇದ್ದುದು ಒಂದೇ ದಿನ, ಡಿಸೆಂಬರಿನ ಮೊದಲ ವಾರದ ಒಂದು ದಿನ. ಅದನ್ನು ಬಿಟ್ಟು ಬೇರೆ ಯಾವ ದಿನವೂ ಹೊಳೆಯಲಿಲ್ಲ. ಆ ದಿನಕ್ಕೆ ಮಾತ್ರ ನಾನು ಯಾರನ್ನೂ ಕರೆಯುವಂತಿರಲಿಲ್ಲ. ಬಾಯಿ ತೆರೆದು ನಿಂತೇ ಇದ್ದೆ.

"ಹ್ಯಾಂಗ್!" ಎಂದು ಅಡೆಲಿನು ಕೂಗಿದ. "ದೋನಾ ಸರ್ಮಾ ಹ್ಯಾಂಗ್ ಆಗೋದ್ರು!" ಹಿರಿಯ ಹೆಂಗಸರನ್ನು ಅವನ ಕಡೆ 'ದೋನಾ' ಎಂದು ಕರೆಯುತ್ತಾರೆ, ಗೇಲಿ ಮಾಡುವಾಗಲೂ ಅವನು ಅದನ್ನು ಬಿಡುತ್ತಿರಲಿಲ್ಲ. "ಇವ್ರಿಗೆ ರೀಸ್ಟಾರ್ಟ್ ಗುಂಡಿ ಎಲ್ಲಿದೆ ಟೀಚರ್?"

"ಸುಮ್ನಿರೋ" ಎಂದಳು ಲುಮಿನಿತ್ಸಾ. "ಆಂಟಿ, ಏನಾದ್ರೂ ಹೇಳ್ಬಿಡಿ. ಚಂದ್ರಲೋಕಕ್ಕೆ ಬನ್ನಿ ಅನ್ನಿ."

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಬೇಕಿದ್ದಕ್ಕಿಂತ ಹೆಚ್ಚು ವಿವರಿಸುವುದು ನನ್ನ ಸ್ವಭಾವ. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ಲಾಟ್ವಿಯಾದಲ್ಲಿ ಕ್ಯಾಲೆಂಡರಿನ ಪ್ರತಿ ತಾರೀಖಿನ ಕೆಳಗೂ ಹೆಸರುಗಳಿರುತ್ತವೆ. ನಮ್ಮ ಹೆಸರು ಬಂದ ದಿನ ನಮ್ಮ ದಿನ. ಹುಟ್ಟುಹಬ್ಬಕ್ಕೆ ಜನರನ್ನು ಕರೆಯುತ್ತೇವೆ. ಹೆಸರಿನ ದಿನಕ್ಕೆ ಕರೆಯುವುದಿಲ್ಲ. ಮೇಜಿನ ಮೇಲೆ ಕಾಫಿ, ತಿಂಡಿ ಸಿದ್ಧಮಾಡಿ ಕಾಯುತ್ತೇವೆ. ನೆನಪಿಟ್ಟುಕೊಂಡವರು ತಾವಾಗಿಯೇ ಬರುತ್ತಾರೆ.

"ಯಾರೂ ಬರ್ದಿದ್ರೆ?" ಅಡೆಲಿನು ಕೇಳಿದ. ಈ ಸಲ ಅವನು ಗೇಲಿ ಮಾಡುತ್ತಿರಲಿಲ್ಲ.

"ಬರ್ತಾರೆ."

"ಕರೀದೇನೇ ಹೋಗಿ ಕಾಫಿ ಕುಡಿಯೋದಾ?" ಲುಮಿನಿತ್ಸಾಳಿಗೆ ನಂಬಿಕೆಯೇ ಆಗಲಿಲ್ಲ. "ಎಷ್ಟು ಜನ ಬರ್ತಾರೆ ಅಂತ ಗೊತ್ತಿಲ್ದೆ ಅಡುಗೆ ಹೇಗ್ ಮಾಡ್ತೀರಿ ಆಂಟಿ?"

"ಜಾಸ್ತಿ ಮಾಡ್ತೀವಿ."

ಗಿಲಿಯನ್ ಟೀಚರ್ ನನ್ನ ಬೆರಳಿಗೆ ಸುತ್ತಿದ ದಾರವನ್ನೇ ನೋಡುತ್ತಿದ್ದರು. "ನಮ್ಮಲ್ಲಿ ಹಾಗೆ ಹೋದ್ರೆ ಅದಕ್ಕಿಂತ ಒರಟುತನ ಇಲ್ಲ" ಎಂದರು. "ನಮ್ಮಕ್ಕನ ಮನೆಗೆ ಹೋಗೋಕೂ ನಾನು ಫೋನ್ ಮಾಡಿ ಕೇಳ್ತೀನಿ. ಅಲ್ಲಿಗೆ ಹೋದ್ಮೇಲೂ, ತೊಂದ್ರೆ ಆಯ್ತೇನೋ ಅಂತೀನಿ." ಆಮೇಲೆ ತಲೆಯೆತ್ತಿ, "ನಿಮ್ಮದು ಯಾವತ್ತು?" ಎಂದು ಕೇಳಿದರು.

ದಿನ ಹೇಳಿದರೆ ಅದೇ ಆಹ್ವಾನ. ಕಾಫಿ ಕಾದಿರುತ್ತದೆಂದು ವಿವರಿಸಿ, ಮೇಲೆ ತಾರೀಖನ್ನೂ ಹೇಳುವುದು ಬಾಗಿಲಲ್ಲಿ ನಿಂತು ಕೈಯೊಡ್ಡಿದಂತೆ. ನಮ್ಮಮ್ಮನಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

"ಹೋಯ್ತು" ಎಂದೆ. "ಬೇಸಿಗೇಲಿ ಬರತ್ತೆ."

ನನ್ನ ಹೆಸರಿಗೆ ನಮ್ಮ ಭಾಷೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕೊಂಬೆಗಳ ಮೇಲೆ ಕೂರುವ ಬಿಳಿ ಹುಡಿ ಎಂದು ಅರ್ಥ. ಬೇಸಿಗೆಗೆ ಅದಕ್ಕಿಂತ ದೂರವಾದ ಹೆಸರಿಲ್ಲ. ಆದರೆ ಅಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ.

ಉಂಡೆಯನ್ನು ಟೀಚರತ್ತ ಎಸೆದೆ. "ಮುಂದಿನ ಬುಧವಾರ ತರಗತಿಗೆ ಬನ್ನಿ" ಎಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು.

"ಅಕ್ಸೆಪ್ಟ್" ಎಂದರು ಟೀಚರ್. ಅವರು ನಗಲಿಲ್ಲ.

ತರಗತಿ ಮುಗಿದ ಮೇಲೆ ಇಬ್ಬರೂ ಕೂತು ಸಿಕ್ಕುಬಿಡಿಸಿ ಉಂಡೆ ಸುತ್ತಿದೆವು. ಬೇಸಿಗೆಯಲ್ಲಿ ಯಾವಾಗ ಎಂದು ಅವರು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈ ಊರಿನಲ್ಲಿ ಇಷ್ಟು ವರ್ಷವೂ ನನ್ನ ಹೆಸರಿನ ದಿನಕ್ಕೆ ಬರುತ್ತಿದ್ದವಳು ಜಿಂತ್ರಾ ಒಬ್ಬಳೇ. ಮೀನು ಕರಿಯುವ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಅವಳ ಕೋಟಿಗೆ ಯಾವಾಗಲೂ ಎಣ್ಣೆಯ ವಾಸನೆ. ಒಳಗೆ ಕಾಲಿಟ್ಟವಳೇ, "ಯಾರೂ ಬಂದಿಲ್ವಾ ಇನ್ನೂ? ಒಳ್ಳೇದಾಯ್ತು, ದೊಡ್ಡ ತುಂಡು ನಂಗೆ" ಎನ್ನುತ್ತಿದ್ದಳು. ಬಂದ ಮೊದಲ ವರ್ಷ ಶೆಡ್ಡಿಗೂ ತಿಂಡಿ ಒಯ್ದಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಹಾಗೆ ಮಾಡುವ ರೂಢಿ ಇತ್ತು. ಇಲ್ಲಿ ಊಟದ ಕೋಣೆಯಲ್ಲಿ ಡಬ್ಬಿ ತೆರೆದಿಟ್ಟು ಕೂತಾಗ ಒಬ್ಬಾತ ಬಂದು ತುಂಡಿಗೆಷ್ಟು ಎಂದು ಕೇಳಿದ. ಆಮೇಲೆ ಒಯ್ಯಲಿಲ್ಲ.

ಈ ಸಲ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಮೇಜಿಗೆ ಬಟ್ಟೆ ಹಾಸುತ್ತೇನೆ, ಆದರೆ ಯಾರೂ ಬರದಿದ್ದರೆ ಇದೇ ಕೊನೆ. ಅಮ್ಮನ ಅಗಸೆ ನಾರಿನ ಮೇಜುಬಟ್ಟೆಯನ್ನು ತೊಳೆದು ಜಿಂತ್ರಾಳಿಗೆ ಅಂಚೆಯಲ್ಲಿ ಕಳಿಸಿಬಿಡುವುದು. ನೋಡುವವರಿಲ್ಲದ ಕಡೆ ಮಾಡುವ ಆಚರಣೆ ಎಷ್ಟು ದಿನ ಆಚರಣೆಯಾಗಿ ಉಳಿಯುತ್ತದೆ, ಯಾವಾಗ ಅದು ಒಂಟಿ ಹೆಂಗಸಿನ ಗೀಳಾಗುತ್ತದೆ ಎಂದು ನಾನು ಯೋಚಿಸತೊಡಗಿದ್ದೆ. ಅಂಥ ಗೆರೆಯೊಂದು ಇದ್ದೇ ಇರುತ್ತದೆ. ದಾಟಿದ ಮೇಲೆ ತಿಳಿಯುವುದಿಲ್ಲ, ಅದಕ್ಕೇ ಮೊದಲೇ ನಿಲ್ಲಬೇಕು.

ಆ ವರ್ಷ ನನ್ನ ದಿನ ಭಾನುವಾರ ಬಂತು. ಬೆಳಿಗ್ಗೆಯೇ ಎದ್ದು ಕ್ಲಿಂಗೆರಿಸ್ ಮಾಡಿದೆ. ಕೇಸರಿ, ಒಣದ್ರಾಕ್ಷಿ ಹಾಕಿ, ಹುಳಿ ಬಂದ ಹಿಟ್ಟನ್ನು ಉದ್ದಕ್ಕೆ ಹೊಸೆದು, ತುದಿಗಳನ್ನು ಒಳಕ್ಕೆ ತಿರುಚಿ ಬೇಯಿಸುವ ದೊಡ್ಡ ಸಿಹಿ ರೊಟ್ಟಿ ಅದು. ಚಿಕ್ಕದಾಗಿ ಮಾಡಲು ಬರುವುದೇ ಇಲ್ಲ. ಅದು ಒಲೆಯಲ್ಲಿರುವಾಗಲೇ ಜಿಂತ್ರಾಳ ವಿಡಿಯೊ ಕರೆ ಬಂತು.

"ಏನೇ, ಮುಖಕ್ಕೆಲ್ಲ ಹಿಟ್ಟು! ನೂರು ವರ್ಷ ಬಾಳು. ಯಾರು ಬಂದ್ರು?"

"ಇನ್ನೂ ಹನ್ನೊಂದು ಗಂಟೆ ಕಣೇ."

"ಸಂಜೆಗಾದ್ರೂ ಯಾರು ಬರ್ತಾರೆ?"

"ಬರ್ತಾರೆ."

"ಯಾರಿಗಾದ್ರೂ ಗೊತ್ತೇನೇ ಇವತ್ತು ಅಂತ?" ಅವಳು ಪರದೆಗೆ ಹತ್ತಿರ ಬಂದಳು, ಮೂಗು ದೊಡ್ಡದಾಗಿ ಕಂಡಿತು. "ಸರ್ಮಾ, ಆ ನಾಡಲ್ಲಿ ಕರೀದೆ ಬೆಕ್ಕೂ ಒಳಗೆ ಬರಲ್ಲ. ಬಾಯ್ಬಿಟ್ಟು ಕರಿಯೇ ಯಾರನ್ನಾದ್ರೂ."

"ಕರೆದ್ರೆ ಇದು ಹೆಸರಿನ ದಿನ ಆಗಲ್ಲ."

"ಏನಾಗತ್ತೆ?"

"ಟೀ ಪಾರ್ಟಿ."

"ಮೊಂಡಿ" ಎಂದಳು. ಹಿಂದಿನಿಂದ ಅವಳ ಮೊಮ್ಮಗಳು ಯಾವುದಕ್ಕೋ ಅತ್ತಳು. ಜಿಂತ್ರಾ ಅತ್ತ ನೋಡಿ, ಇತ್ತ ನೋಡಿ, "ಆಮೇಲೆ ಮಾಡ್ತೀನಿ" ಎಂದು ಕರೆ ಮುಗಿಸಿದಳು.

ಮೇಜಿನ ಮೇಲೆ ಆರು ಬಟ್ಟಲಿಟ್ಟೆ. ನನ್ನಲ್ಲಿರುವುದೇ ಆರು. ಬಾಗಿಲಿಗೆ ಹತ್ತಿರವಾಗಿ ನಾನು ಕೂತೆ. ನನ್ನ ಮನೆ ಕ್ಷೌರದಂಗಡಿಯ ಹಿಂದಿನ ಓಣಿಯಲ್ಲಿದೆ; ಕಿಟಕಿಯಿಂದ ಚಿಕ್ಕ ಗೇಟು, ಅದರಾಚೆ ಬೀದಿದೀಪ ಕಾಣುತ್ತದೆ. ಮಧ್ಯಾಹ್ನ ಓಣಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕಿವಿ ಅತ್ತ ಹೋಗುತ್ತಿತ್ತು. ಸೈಕಲ್ಲಿನ ಹುಡುಗರು ಹೋದರು. ನಾಯಿಯೊಂದು ಯಾರನ್ನೋ ಎಳೆದುಕೊಂಡು ಹೋಯಿತು. ಒಮ್ಮೆ ಗೇಟಿನ ಸದ್ದಾಯಿತು, ಎದ್ದೇಬಿಟ್ಟೆ. ಪಿಜ್ಜಾ ಅಂಗಡಿಯವನು ಚೀಟಿ ಸಿಕ್ಕಿಸಿ ಹೋದ. ಕಾಫಿ ತಣ್ಣಗಾಯಿತು. ಅದನ್ನು ಚೆಲ್ಲಿ ಹೊಸದಾಗಿ ಕಾಸಿದೆ. ಬರುವವರಿಗೆ ತಣ್ಣನೆಯದನ್ನು ಕೊಡಲಾಗುವುದಿಲ್ಲ.

ನಾಲ್ಕಕ್ಕೆಲ್ಲ ಕತ್ತಲಾಯಿತು. ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿದೆ. ಆಗ ಬೀದಿದೀಪದ ಕೆಳಗೆ ಗಿಲಿಯನ್ ಟೀಚರ್ ಹಾದುಹೋದರು.

ಅವರ ಹಸಿರು ಕೋಟು, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಆ ಬೆನ್ನನ್ನು ನಾನು ಗುರುತಿಸದೆ ಇರಲು ಸಾಧ್ಯವಿರಲಿಲ್ಲ. ಎದೆಗವಚಿಕೊಂಡು ಏನನ್ನೋ ಹಿಡಿದಿದ್ದರು. ಗೇಟಿನ ಬಳಿ ನಿಧಾನಿಸಿ, ಕಿಟಕಿಯ ಬೆಳಕನ್ನು ನೋಡಿ, ಮುಂದೆ ನಡೆದುಬಿಟ್ಟರು. ಅವರ ಮನೆ ನದಿಯ ಆಚೆ. ಈ ಓಣಿಯಲ್ಲಿ ಅವರಿಗೆ ಯಾವ ಕೆಲಸವೂ ಇರಲಾರದು. ಕಾಕತಾಳೀಯ ಇರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಲ ಕಂಡದ್ದರಿಂದ ಏನನ್ನೂ ತೀರ್ಮಾನಿಸಬಾರದು ಎಂದು ಪ್ರಯೋಗಾಲಯದಲ್ಲಿ ಕಲಿತದ್ದು.

ಸ್ವಲ್ಪ ಹೊತ್ತಿಗೆ ಅವರು ಎದುರು ದಿಕ್ಕಿನಿಂದ ಮತ್ತೆ ಬಂದರು. ಈ ಸಲ ಗೇಟಿನ ಮುಂದೆ ನಿಂತರು. ಕೈ ಗೇಟಿನ ಮೇಲೆ ಹೋಯಿತು, ಹಿಂದಕ್ಕೆ ಬಂತು. ಕಾಗದದಲ್ಲಿ ಸುತ್ತಿದ ಹೂವು ದೀಪದ ಬೆಳಕಿಗೆ ಕಂಡಿತು.

ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಬಾಗಿಲು ತೆರೆದು "ಬನ್ನಿ" ಎಂದರೆ ಕರೆದಂತಾಯಿತು. ಇಷ್ಟು ವರ್ಷ ಕಾಯ್ದುಕೊಂಡದ್ದು ಆ ಒಂದು ಮಾತಿನಲ್ಲಿ ಹೋಗುತ್ತದೆ. ಸುಮ್ಮನಿದ್ದರೆ ಅವರು ಹೊರಟುಹೋಗುತ್ತಾರೆ. ಕರೆಯದ ಮನೆಯ ಗೇಟನ್ನು ಆಕೆ ತೆರೆಯುವವರಲ್ಲ. ಅಲ್ಲಿ ಅವರು ತಮ್ಮ ಮರ್ಯಾದೆಯನ್ನು ಹಿಡಿದುಕೊಂಡು ನಿಂತಿದ್ದರು, ಇಲ್ಲಿ ನಾನು ನನ್ನದನ್ನು. ನಡುವೆ ಮೊಣಕಾಲೆತ್ತರದ ಗೇಟು. ಬೆನ್ನಿಗೆ ಬೆನ್ನು ಕೊಟ್ಟು ಕೂತು ಚಿತ್ರ ಬರೆದಂತೆಯೇ ಇತ್ತು, ಬೆನ್ನಿನ ಬಿಸಿಯೊಂದು ಇರಲಿಲ್ಲ, ಅಷ್ಟೆ.

ಅವರು ತಿರುಗಿದರು. ಹೊರಡುತ್ತಿದ್ದಾರೆಂದು ಗೊತ್ತಾಯಿತು.

ಆಗ ನಾನು ಮಾಡಿದ್ದನ್ನು ಮೊದಲೇ ಯೋಚಿಸಿ ಮಾಡಿದ್ದಲ್ಲ. ಚಪ್ಪಲಿಯಲ್ಲೇ ಹೊರಗೆ ಹೋಗಿ, ಗೋಡೆಯ ಬಳಿಯಿದ್ದ ಚಕ್ರದ ಕಸದ ಡಬ್ಬಿಯನ್ನು ಹಿಡಿದು, ಗಡಗಡ ಸದ್ದು ಮಾಡುತ್ತ ಗೇಟಿನವರೆಗೆ ಎಳೆದುಕೊಂಡು ಹೋದೆ. ಬಾಗಿಲನ್ನು ಹಾಗೇ ಬಿಟ್ಟಿದ್ದೆ.

ಸದ್ದಿಗೆ ಟೀಚರ್ ತಿರುಗಿದರು.

"ಓ, ಸರ್ಮಾ!" ಎಂದರು, ತರಗತಿಯ ಪಟ್ಟಿಯಲ್ಲಿ ನನ್ನ ವಿಳಾಸವಿದ್ದರೂ ನನ್ನ ಮನೆ ಅಲ್ಲಿದೆಯೆಂಬುದೇ ತಿಳಿಯದವರಂತೆ.

"ಓ, ಟೀಚರ್!"

"ಸುಮ್ನೆ ಹೀಗೆ ನಡ್ಕೊಂಡು ಹೋಗ್ತಿದ್ದೆ."

"ಹೂವಿನ ಜೊತೆಗಾ?"

ಅವರು ಕೈಯಲ್ಲಿದ್ದುದನ್ನು ಈಗಷ್ಟೇ ಕಂಡವರಂತೆ ನೋಡಿಕೊಂಡರು. "ಹೌದು, ನಡೀವಾಗ ಕೈಲಿ ಏನಾದ್ರೂ ಇದ್ರೆ ಚೆನ್ನಾಗಿರತ್ತೆ." ಆಮೇಲೆ ಡಬ್ಬಿಯತ್ತ ನೋಡಿದರು. "ಕಸದ ಗಾಡಿ ಬರೋದು ಗುರುವಾರ ಅಲ್ವಾ?"

"ಗುರುವಾರ."

"ಇವತ್ತು ಭಾನುವಾರ."

"ಮರೆತೋಗತ್ತೆ ಅಂತ ಮೊದ್ಲೇ ಇಡ್ತೀನಿ."

ಇಬ್ಬರೂ ಡಬ್ಬಿಯನ್ನೇ ನೋಡುತ್ತ ನಿಂತೆವು. ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು. ನನ್ನ ಕಾಲು ಮರಗಟ್ಟತೊಡಗಿತ್ತು.

"ನೀವು ಬೇಸಿಗೆ ಅಂದಿದ್ರಿ" ಎಂದರು ಅವರು, ಮೆಲ್ಲಗೆ. "ನಾನು ಹುಡುಕಿ ನೋಡ್ದೆ. ಹುಡುಕೋದು ಹೇಗೆ ಅಂತ ನಾನೇ ತಾನೆ ಹೇಳ್ಕೊಡೋದು. ಇವತ್ತು ಅಂತ ಬಂತು. ಆಮೇಲೆ ಅನ್ನಿಸ್ತು, ಸುಳ್ಳು ಹೇಳಿದಾರೆ ಅಂದ್ರೆ ಯಾರೂ ಬರೋದು ಬೇಡ ಅಂತಿರಬೇಕು. ಅದಕ್ಕೇ..." ಕೈಯಿಂದ ಓಣಿಯ ಆ ತುದಿ, ಈ ತುದಿ ತೋರಿಸಿದರು.

ಬೇಡವೆಂದಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಅದೂ ಕರೆದಂತೆಯೇ. ನಾನು ಹಿಂತಿರುಗಿ ಮನೆಯತ್ತ ನೋಡಿದೆ. ಒಳಗಿನ ಬೆಳಕು ಮೆಟ್ಟಿಲ ಮೇಲೆ ಬಿದ್ದಿತ್ತು. ಕೇಸರಿಯ ವಾಸನೆ ಗೇಟಿನವರೆಗೂ ಬರುತ್ತಿತ್ತು.

"ಬಾಗಿಲು ತೆಗೆದಿದೆ" ಎಂದೆ.

ಅದು ನಿಜ. ನಿಜವನ್ನಷ್ಟೇ ಹೇಳಿದ್ದೆ.

ಟೀಚರ್ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. "ಹೌದಲ್ಲ" ಎಂದರು. "ಮನೆಯೆಲ್ಲ ತಣ್ಣಗಾಗೋಗತ್ತೆ, ಯಾರಾದ್ರೂ ಹಾಕ್ಬೇಕು." ಗೇಟನ್ನು ತಾವೇ ತೆರೆದು, ನನ್ನನ್ನು ದಾಟಿ, ಮೆಟ್ಟಿಲು ಹತ್ತಿ ಒಳಗೆ ಹೋದರು. ಡಬ್ಬಿಯನ್ನು ಅಲ್ಲೇ ಬಿಟ್ಟು ನಾನು ಅವರ ಹಿಂದೆ ಹೋದೆ.

ಒಳಗೆ ಹೋದವರು ಆರು ಬಟ್ಟಲುಗಳನ್ನು ನೋಡಿ ನಿಂತರು. "ಅಯ್ಯೋ, ಇನ್ನೂ ಜನ ಬರ್ತಾರಾ? ಹಾಗಿದ್ರೆ ನಾನು..."

"ಗೊತ್ತಿಲ್ಲ ಟೀಚರ್. ಗೊತ್ತಿರಬಾರದು. ಕೂತ್ಕೊಳ್ಳಿ."

ಕಾಫಿ ಬಗ್ಗಿಸಿದೆ. ಮೊದಲ ತುಂಡನ್ನು ಕೊಯ್ದು ಕೊಟ್ಟೆ. ಅವರು ಕೋಟು ಬಿಚ್ಚದೆಯೇ ತಿಂದರು. ಎರಡನೆಯ ತುಂಡಿಗೆ ಕೋಟು ಬಿಚ್ಚಿದರು. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಕಂಡು ಹತ್ತಿರ ಹೋಗಿ, ನನ್ನ ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ತಮ್ಮ ಹೆಸರಿದೆಯೇ ಎಂದು ಹಾಳೆಗಳನ್ನು ಮಗುಚಿದರು. ಇರಲಿಲ್ಲ.

"ಕೆನೆತ್ ಹೋದ್ಮೇಲೆ ಎಲ್ರೂ ಹೇಳಿದ್ರು, ಫೋನ್ ಮಾಡಿ ಬರ್ತೀವಿ ಅಂತ" ಎಂದರು, ಕ್ಯಾಲೆಂಡರಿನತ್ತಲೇ ಮುಖ ಮಾಡಿ. ಕೆನೆತ್ ಅವರ ಗಂಡ. ತೀರಿಕೊಂಡರೆಂದು ಲೈಬ್ರರಿಯಲ್ಲಿ ಕೇಳಿದ್ದೆ. "ಒಳ್ಳೇ ಜನ. ಫೋನ್ ಮಾಡ್ದೆ ಬರೋಕೆ ಅವ್ರಿಗೆ ಮನಸ್ಸು ಬರಲ್ಲ. ಫೋನ್ ಮಾಡೋಕೆ ನೆನಪಾಗಲ್ಲ."

ಅವರ ಬಟ್ಟಲನ್ನು ಮತ್ತೆ ತುಂಬಿದೆ. ಹೆಚ್ಚು ಮಾತಾಡಲಿಲ್ಲ ನಾವು. ನನ್ನ ಇಂಗ್ಲಿಷು ಅಷ್ಟು ದೂರ ಹೋಗುತ್ತಿರಲಿಲ್ಲ, ಅವರಿಗೂ ಎದುರುಬದುರು ಕೂತು ರೂಢಿಯಿರಲಿಲ್ಲ. ನಡುನಡುವೆ ಅವರು ಓಣಿಯ ಸದ್ದಿಗೆ ಕಿವಿಗೊಡುವುದನ್ನು ಕಂಡೆ. ನನ್ನ ಜೊತೆ ಅವರೂ ಕಾಯುತ್ತಿದ್ದರು. ಬೇರೆ ಯಾರೂ ಬರಲಿಲ್ಲ.

ಹೊರಡುವಾಗ ಹೂವು ನೆನಪಾಯಿತು. ಕುರ್ಚಿಯ ಮೇಲೆ ಕಾಗದದಲ್ಲೇ ಇತ್ತು. ಬಿಚ್ಚಿ ನೀರಿಗೆ ಹಾಕುವಾಗ ಕೈ ತಾನಾಗಿಯೇ ಎಣಿಸಿತು. ಬಿಳಿ ಸೇವಂತಿಗೆ, ಆರು. ನಮ್ಮಲ್ಲಿ ಬದುಕಿರುವವರಿಗೆ ಬೆಸ ಸಂಖ್ಯೆಯ ಹೂ ಕೊಡುತ್ತಾರೆ. ಸಮ ಸಂಖ್ಯೆ ಸಮಾಧಿಗೆ. ಅವರಿಗೆ ಗೊತ್ತಾಗುವ ಮಾತಲ್ಲ. ಹುಡುಕಿದಾಗ ತಾರೀಖು ಸಿಕ್ಕಿತ್ತು, ಇದು ಸಿಕ್ಕಿರಲಿಲ್ಲ. ನಾನು ಒಂದು ಹೂವನ್ನು ಹೊರತೆಗೆದು ಲೋಟವೊಂದರಲ್ಲಿ ನೀರು ಹಾಕಿ ಬೇರೆ ಇಟ್ಟೆ.

"ಅದ್ಯಾಕೆ ಒಂದು ಬೇರೆ?"

"ಅಡುಗೆಮನೆಗೂ ಒಂದಿರ್ಲಿ ಅಂತ."

"ಒಳ್ಳೇ ಯೋಚನೆ" ಎಂದರು, ಕೈಗವಸು ಹಾಕಿಕೊಳ್ಳುತ್ತ. ಹೊಸ್ತಿಲಲ್ಲಿ ನಿಂತು, "ಮುಂದಿನ ವರ್ಷ..." ಎಂದು ಶುರುಮಾಡಿ, ಬಾಯಿಗೆ ಕೈ ಅಡ್ಡ ಹಿಡಿದರು. "ಇಲ್ಲ, ನಾನು ಏನೂ ಕೇಳ್ಲಿಲ್ಲ."

"ನಾನು ಏನೂ ಹೇಳಲಿಲ್ಲ."

ಓಣಿಯ ತಿರುವಿನವರೆಗೂ ಆ ಬೆನ್ನು ಕಾಣುತ್ತಿತ್ತು. ಆಮೇಲೆ ಬೀದಿದೀಪವೊಂದೇ ಉಳಿಯಿತು. ಕಸದ ಡಬ್ಬಿಯನ್ನು ಅದರ ಜಾಗಕ್ಕೆ ಎಳೆದು ತಂದೆ. ಎರಡು ಬಟ್ಟಲು ತೊಳೆದೆ. ಉಳಿದ ನಾಲ್ಕನ್ನು ತೊಳೆಯಬೇಕಿರಲಿಲ್ಲ, ಕಪಾಟಿನಲ್ಲಿಟ್ಟೆ. ರೊಟ್ಟಿಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. ಬುಧವಾರದ ತನಕ ಅದು ಕೆಡುವುದಿಲ್ಲ. ಅಡೆಲಿನುವಿಗೆ ಎಷ್ಟು ಕೊಟ್ಟರೂ ತಿನ್ನುತ್ತಾನೆ.

ಮೇಜುಬಟ್ಟೆಯ ಮೇಲೆ, ಟೀಚರ್ ಕೂತಿದ್ದ ಕಡೆ, ಕಾಫಿಯ ಸಣ್ಣ ಕಲೆಯಾಗಿತ್ತು. ಉಪ್ಪು ಸವರಿ ತಣ್ಣೀರಲ್ಲಿ ನೆನೆಸಿದೆ. ಒಣಗಿದ ಮೇಲೆ ಮಡಿಸಿ, ಅಂಚೆಗೆ ಹಾಕದೆ, ಅದು ಯಾವಾಗಲೂ ಇರುವ ಪೆಟ್ಟಿಗೆಯಲ್ಲೇ ಇಡಬೇಕು.

ಮಲಗುವ ಮೊದಲು ದೀಪ ಆರಿಸಲು ಹೋದಾಗ ಹೂಗಳನ್ನು ಮತ್ತೊಮ್ಮೆ ನೋಡಿದೆ. ಮೇಜಿನ ಮೇಲೆ ಐದು, ಸಿಂಕಿನ ಪಕ್ಕದ ಲೋಟದಲ್ಲಿ ಒಂದು. ಐದೂ ಬೆಸ, ಒಂದೂ ಬೆಸ.